ಒಬ್ಬನೇ ಹೋಗುವವನ ಫೆರೆಟ್ ಸೆಟ್: ಡಬ್ಬಕ್ಕೆ ಶಹಭಾಸ್, ಬಲೆಗೆ ಕೈಮುಗಿದೆ

ಫೆರೆಟ್ ಎಂಬ ಪಳಗಿಸಿದ ಪ್ರಾಣಿಯನ್ನು ಬಿಲದೊಳಗೆ ಬಿಟ್ಟು ಮೊಲ ಹಿಡಿಯುವವರಿಗೆ ಅಂತ ಮಾರುವ ಸೆಟ್ ಇದು. ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ‘ಒಬ್ಬರಿಗೆ ಬೇಕಾದದ್ದೆಲ್ಲ ಇದರಲ್ಲಿದೆ’ ಅಂತ ಬರೆದಿತ್ತು. ಒಳಗೆ ಒಂದು ಫೆರೆಟ್ ಫೈಂಡರ್ (ನೆಲದಡಿ ಫೆರೆಟ್ ಎಲ್ಲಿದೆ ಅಂತ ತೋರಿಸುವ ಡಬ್ಬ), ಅದರ ಜೊತೆಗೆ 2 ಕಾಲರ್, 25 ಪರ್ಸ್ ಬಲೆ, ಭುಜಕ್ಕೆ ನೇತುಹಾಕುವ ಪ್ಲೈವುಡ್ ಗೂಡು, ಒಂದು ಮಡಚುವ ಸಲಿಕೆ. ಚಳಿಗಾಲಪೂರ್ತಿ ಇದನ್ನೇ ಹೊತ್ತು ಅಲೆದಿದ್ದೇನೆ. ಮಾರಿದ ಅಂಗಡಿಯ ಹೆಸರು ಬರೆಯುವುದಿಲ್ಲ. ಇಂಥ ಸೆಟ್ ಇಲ್ಲಿ ಹಲವರು ಮಾರುತ್ತಾರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ ತರಹ. ನಾನು ನೋಡುವುದು ಒಂದೇ ಪ್ರಶ್ನೆ: ಪಕ್ಕದಲ್ಲಿ ಇನ್ನೊಬ್ಬ ಇಲ್ಲದಿದ್ದಾಗ ಇದರಲ್ಲಿ ಯಾವುದು ಕೈ ಹಿಡಿಯುತ್ತದೆ, ಯಾವುದು ಕೈ ಕೊಡುತ್ತದೆ?

ನಾನಿರುವುದು ಇಂಗ್ಲೆಂಡಿನ ಪೂರ್ವಕ್ಕೆ, ನಾರ್ಫೋಕ್ ಮತ್ತು ಸಫೋಕ್ ಸೇರುವ ಬ್ರೆಕ್‌ಲ್ಯಾಂಡ್ ಸೀಮೆಯಲ್ಲಿ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ರಜೆ ಬೀಳುವುದು ಮಂಗಳವಾರವೋ ಬುಧವಾರವೋ. ಆವತ್ತು ಜೊತೆಗೆ ಬರಲು ಯಾರಿಗೆ ಬಿಡುವಿರುತ್ತದೆ? ಹಾಗಾಗಿ ಒಬ್ಬನೇ ಹೋಗುವುದು ಶೋಕಿಯಲ್ಲ, ಡ್ಯೂಟಿ ಚಾರ್ಟ್ ಮಾಡಿಕೊಟ್ಟ ಏರ್ಪಾಡು.

ಊರಿನಲ್ಲಿ ಕೂತು ಇದನ್ನು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದು ಅಲ್ಲಿಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅಲ್ಲಿ ಕಾಡುಮೊಲ ಹಿಡಿದರೆ ಕೇಸು. ಅದೂ ಅಲ್ಲದೆ ನಮ್ಮ ಕಡೆಯ ಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ತಗ್ಗು ಮಾಡಿಕೊಂಡು ಮಲಗುತ್ತದೆ. ಬಿಲದೊಳಗೆ ಫೆರೆಟ್ ಬಿಡುವ ಮಾತೇ ಅಲ್ಲಿ ಹುಟ್ಟುವುದಿಲ್ಲ. ಇಲ್ಲಿಯದು ಬೇರೆ ಜಾತಿ. ಗುಂಪು ಕಟ್ಟಿಕೊಂಡು ನೆಲದಡಿ ಓಣಿ ಓಣಿಯಾಗಿ ತೋಡಿ ಬದುಕುತ್ತದೆ. ನಾರ್ಮನ್ನರ ಕಾಲದಲ್ಲಿ, 12ನೇ ಶತಮಾನದ ಹೊತ್ತಿಗೆ, ಮಾಂಸಕ್ಕೂ ತುಪ್ಪಟಕ್ಕೂ ಅಂತ ತಂದು ಸಾಕಿದ್ದು. ನಮ್ಮ ಬ್ರೆಕ್‌ಲ್ಯಾಂಡಿನ ಮರಳು ನೆಲ ಅವಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಥೆಟ್‌ಫರ್ಡ್ ಕಾಡಿನ ಅಂಚಿನಲ್ಲಿ ‘ವಾರೆನ್ ಲಾಡ್ಜ್’ ಅಂತ ಒಂದು ಕಲ್ಲಿನ ಕಟ್ಟಡ ಈಗಲೂ ನಿಂತಿದೆ. ಸುಮಾರು 1400ರಲ್ಲಿ ಮಠದವರು ಕಟ್ಟಿಸಿದ್ದು ಎನ್ನುತ್ತಾರೆ. ಮೊಲ ಕಾಯುವವನಿಗೆ ಅಂಥ ದಪ್ಪ ಗೋಡೆಯ ಮನೆ! ಆಗ ಕಳ್ಳರಿಂದ ಮೊಲವನ್ನು ಕಾಯುತ್ತಿದ್ದರು, ಈಗ ಮೊಲದಿಂದ ಗೋಧಿಯನ್ನು ಕಾಯಬೇಕು.

ಕಾನೂನು ಈ ಕೆಲಸಕ್ಕೆ ಅಡ್ಡಿಯಿಲ್ಲ, ಆದರೆ ಜಮೀನಿನವರ ಒಪ್ಪಿಗೆ ಬೇಕೇ ಬೇಕು. 1880ರ ಗ್ರೌಂಡ್ ಗೇಮ್ ಆಕ್ಟ್ ಉಳುವವನಿಗೆ ತನ್ನ ನೆಲದ ಮೊಲ ಹಿಡಿಯುವ ಹಕ್ಕು ಕೊಟ್ಟಿತು. 1954ರ ಪೆಸ್ಟ್ಸ್ ಆಕ್ಟ್ ಅದನ್ನು ಹೊಣೆಯನ್ನಾಗಿಯೇ ಮಾಡಿತು. ನಮ್ಮಂಥವರು ಒಪ್ಪಿಗೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಬೇಲಿ ಬದಿಯಲ್ಲಿ ಒಬ್ಬನೇ ಕಂದು ಬಣ್ಣದವನು ಸಲಿಕೆ ಹಿಡಿದು ಮಂಡಿಯೂರಿ ಕೂತಿದ್ದರೆ, ನಾಯಿ ಸುತ್ತಾಡಿಸಲು ಬಂದವರು ಒಮ್ಮೆ ನಿಂತು ನೋಡುತ್ತಾರೆ. ಬೈದವರಿಲ್ಲ. ಆದರೂ ಚೀಟಿ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಫೆರೆಟ್ ನೋಡದವರಿಗೆ ಎರಡು ಮಾತು. ಮೈಕಟ್ಟು ಮುಂಗುಸಿಯ ಹಾಗೆ, ಉದ್ದ ಮೈ, ಗಿಡ್ಡ ಕಾಲು. ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಪಳಗಿಸಿ ಎರಡು ಸಾವಿರ ವರ್ಷಕ್ಕೂ ಮೇಲಾಗಿದೆ. ಹೆಣ್ಣನ್ನು ಜಿಲ್ ಅಂತಾರೆ, ಗಂಡನ್ನು ಹಾಬ್ ಅಂತಾರೆ. ನನ್ನ ಹತ್ತಿರ ಇರುವುದು ಎರಡೂ ಜಿಲ್. ಬಿಳಿಯದು ಬೆಳ್ಳಿ, ಕಂದು ಮುಖದ್ದು ಚಿಕ್ಕಿ. ಒಬ್ಬನೇ ಹೋಗುವವನಿಗೆ ಬಿಳಿಯದೇ ಲೇಸು. ಒಣಗಿದ ಎಲೆಯ ಮೇಲೆ, ಮಬ್ಬು ಬೆಳಕಿನಲ್ಲಿ, ಬೇಲಿಯ ಆಚೆ ಬದಿಗೆ ತಲೆ ಹಾಕಿದರೂ ಕಾಣುತ್ತದೆ. ಚಿಕ್ಕಿ ಎದುರಿಗೇ ಕೂತಿದ್ದರೂ ನೆಲದಲ್ಲಿ ಕಲಸಿ ಹೋಗುತ್ತಾಳೆ.

ಕೆಲಸ ಹೇಳಲು ಸುಲಭ. ಬಿಲದ ಎಲ್ಲ ಬಾಯಿಗೂ ಬಲೆ ಹಾಸು, ಫೆರೆಟ್ ಒಳಗೆ ಬಿಡು. ಮೊಲ ಹೆದರಿ ಹೊರಗೆ ಹಾರುತ್ತದೆ, ಬಲೆ ಚೀಲದ ಬಾಯಿಯಂತೆ ಬಿಗಿಯುತ್ತದೆ. ಇಬ್ಬರಿದ್ದರೆ ಬೇಲಿಯ ಆಚೆ ಒಬ್ಬ, ಈಚೆ ಒಬ್ಬ. ಒಬ್ಬನೇ ಇದ್ದಾಗ ಆಚೆ ಬದಿಯ ಬಲೆಗೆ ಮೊಲ ಬಿದ್ದರೆ ಬ್ಲ್ಯಾಕ್‌ಥಾರ್ನ್ ಮುಳ್ಳಿನ ಮಧ್ಯೆ ನುಗ್ಗಬೇಕು. ನುಗ್ಗುವಷ್ಟರಲ್ಲಿ ಈಚೆ ಇನ್ನೊಂದು ಹಾರಿರುತ್ತದೆ. ಅತ್ತ ಫೆರೆಟ್ ಎಲ್ಲೋ ನೆಲದಡಿ ಕೂತಿರುತ್ತದೆ. ಮೂರು ಕಡೆ ಕಣ್ಣು, ಎರಡು ಕೈ. ಈ ಲೆಕ್ಕದಲ್ಲೇ ಸೆಟ್ಟಿನ ಒಂದೊಂದು ಸಾಮಾನನ್ನೂ ತೂಗಬೇಕು.

ಮೊದಲು ಫೈಂಡರ್. ಇದೊಂದೇ ಸಾಕು ದುಡ್ಡು ವಸೂಲಾಗಲು.

ಕಾಲರ್‌ನಲ್ಲಿ ಬಟನ್ ಬ್ಯಾಟರಿ ಹಾಕಿದ ಪುಟ್ಟ ಟ್ರಾನ್ಸ್‌ಮಿಟರ್ ಇದೆ. ಅದು ಬಿಟ್ಟು ಬಿಟ್ಟು ಸಿಗ್ನಲ್ ಕಳಿಸುತ್ತಲೇ ಇರುತ್ತದೆ. ಕೈಯಲ್ಲಿರುವ ಡಬ್ಬ ಅದನ್ನು ಹಿಡಿದು ಟಿಕ್ ಟಿಕ್ ಅನ್ನುತ್ತದೆ, ಹತ್ತಿರ ಬಂದಷ್ಟೂ ಜೋರು. ನನ್ನದರಲ್ಲಿ ಪರದೆಯ ಮೇಲೆ ಆಳವೂ ಅಡಿ ಲೆಕ್ಕದಲ್ಲಿ ಬರುತ್ತದೆ. 16 ಅಡಿವರೆಗೆ ಹಿಡಿಯುತ್ತದೆ ಅಂತ ಬರೆದಿದ್ದಾರೆ. ಅಷ್ಟು ಆಳ ಪರೀಕ್ಷೆ ಮಾಡುವ ಪ್ರಸಂಗ ಬಂದಿಲ್ಲ, ಬರುವುದೂ ಬೇಡ. ನಾನು ಅಗೆದು ತೆಗೆದದ್ದರಲ್ಲಿ ಹೆಚ್ಚಿನವು ಮೂರು ನಾಲ್ಕು ಅಡಿಯೊಳಗೇ ಇದ್ದವು. ಆ ಮಟ್ಟದಲ್ಲಿ ಇದು ತೋರಿಸುವ ಅಂಕಿ ಗೇಣು ಹೆಚ್ಚುಕಡಿಮೆ ಸರಿಯಾಗೇ ಇರುತ್ತದೆ.

ಅಗೆಯುವಾಗ ಬೇಕು ಅಂತಲೇ ಎಲ್ಲರೂ ಇದನ್ನು ಕೊಳ್ಳುತ್ತಾರೆ. ಒಬ್ಬನೇ ಇರುವವನಿಗೆ ಅದಕ್ಕಿಂತ ದೊಡ್ಡ ಉಪಯೋಗ ಇನ್ನೊಂದಿದೆ. ಫೆರೆಟ್ ಒಳಗೆ ಹೋದ ಮೇಲೆ ಡಬ್ಬ ಹಿಡಿದು ಸದ್ದಿಲ್ಲದೆ ಬಿಲದ ಬದಿಯಲ್ಲಿ ನಿಂತರೆ, ಅಂಕಿ ನೋಡಿಯೇ ಅದು ಏನು ಮಾಡುತ್ತಿದೆ ಅಂತ ಗೊತ್ತಾಗುತ್ತದೆ. ಅಂಕಿ ಏರಿಳಿಯುತ್ತಿದ್ದರೆ ಓಡಾಡುತ್ತಿದೆ, ಹುಡುಕುತ್ತಿದೆ. ಬೇಲಿಯ ಆಚೆ ಬದಿಗೆ ಸಿಗ್ನಲ್ ಜಾರಿದರೆ ನಾನೂ ಆಚೆ ಬದಿಗೆ ಜಾರಬೇಕು, ಮೊಲ ಹಾರುವುದು ಅಲ್ಲಿಂದ. ಅಂಕಿ ಅಲ್ಲಾಡದೆ ನಿಂತೇಬಿಟ್ಟರೆ ಒಳಗೆ ಒಂದನ್ನು ಮೂಲೆಗೆ ಒತ್ತಿದೆ, ಇಲ್ಲ ಕೊಂದು ಅಲ್ಲೇ ತಿಂದು ಮಲಗಿದೆ. ಎರಡನೇ ಮನುಷ್ಯ ಕಣ್ಣಲ್ಲಿ ಮಾಡುತ್ತಿದ್ದ ಕೆಲಸ ಇದು.

ಒಂದು ಎಚ್ಚರಿಕೆ. ಡಬ್ಬದ ಟಿಕ್ ಸದ್ದು ಬಿಲದ ಬಾಯಿಯ ಹತ್ತಿರ ಜೋರಾಗಿರುತ್ತದೆ. ಹೊರಗೆ ಸದ್ದು ಕೇಳಿದರೆ ಮೊಲ ಹಾರಲು ಹಿಂದೆಮುಂದೆ ನೋಡುತ್ತದೆ. ಸದ್ದು ತಗ್ಗಿಸುವ ಗುಂಡಿ ಇದೆ, ಪೂರ್ತಿ ಮುಚ್ಚುವ ಗುಂಡಿ ಇಲ್ಲ. ಇಯರ್‌ಫೋನ್ ಸಿಕ್ಕಿಸುವ ತೂತೂ ಇಲ್ಲ. ‘ಒಬ್ಬರಿಗೆ’ ಅಂತ ಬರೆದು ಮಾರುವವರು ಅಷ್ಟನ್ನಾದರೂ ಕೊಡಬಹುದಿತ್ತು. ನಾನು ಸ್ಪೀಕರ್ ತೂತಿನ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿದ್ದೇನೆ. ನರ್ಸ್ ಆದವನಿಗೆ ಅದಕ್ಕೆ ಬರವೇ?

ಕರೆಂಟು ಹರಿಯುವ ಬೇಲಿ ಪಕ್ಕ ಡಬ್ಬಕ್ಕೆ ತಲೆ ಕೆಡುತ್ತದೆ. ಕುದುರೆ ಕಟ್ಟುವ ಹೊಲದ ಅಂಚಿನಲ್ಲಿ ಇಲ್ಲದ ಫೆರೆಟ್ಟಿಗೂ ಟಿಕ್ ಟಿಕ್ ಅಂತ ಬಡಿದುಕೊಂಡಿತು. ಜಮೀನಿನವರಿಗೆ ಫೋನ್ ಮಾಡಿ ಒಂದೆರಡು ಗಂಟೆ ಬೇಲಿ ಆಫ್ ಮಾಡಿಸಿಕೊಳ್ಳಬೇಕು. ತಲೆಯ ಮೇಲೆ ಹೈಟೆನ್ಷನ್ ತಂತಿ ಇದ್ದ ಕಡೆಯೂ ಇದೇ ಗೋಳು. ಎರಡು ಫೆರೆಟ್ಟಿಗೂ ಕಾಲರ್ ಹಾಕಿ ಒಟ್ಟಿಗೆ ಬಿಟ್ಟರೆ ಯಾವುದು ಯಾರದ್ದು ಅಂತ ಈ ಡಬ್ಬ ಬೇರೆ ಮಾಡಿ ಹೇಳುವುದಿಲ್ಲ. ಒಬ್ಬನೇ ಇದ್ದಾಗ ಒಂದನ್ನೇ ಬಿಡುವುದು ವಾಸಿ. ಇನ್ನೊಂದು ಗೂಡಿನಲ್ಲಿ ನಿದ್ದೆ ಮಾಡಲಿ, ನಿದ್ದೆಗೆ ಅವು ಎಂದೂ ಬೇಡ ಅಂದದ್ದಿಲ್ಲ.

ಈಗ ಕಾಲರ್. ನನ್ನ ಸಿಟ್ಟೆಲ್ಲ ಇದರ ಮೇಲೆ. ಬ್ಯಾಟರಿಯ ಮುಚ್ಚಳ ನಾಣ್ಯದಿಂದ ತಿರುಗಿಸುವಂಥದ್ದು. ಎರಡರಲ್ಲಿ ಒಂದು ಕಾಲರ್‌ನ ತಿರುಪು ಸಡಿಲ, ತಾನಾಗೇ ಬಿಚ್ಚಿಕೊಳ್ಳುತ್ತದೆ. ಒಮ್ಮೆ ಬೆಳ್ಳಿ ಬಿಲದಿಂದ ಹೊರಗೆ ಬಂದಾಗ ಕುತ್ತಿಗೆಯಲ್ಲಿ ಬರೀ ಖಾಲಿ ಕೊಪ್ಪೆ ಇತ್ತು, ಮುಚ್ಚಳವೂ ಇಲ್ಲ, ಬ್ಯಾಟರಿಯೂ ಇಲ್ಲ. ಅವಳು ತಾನಾಗಿ ಬಂದಳು ಅನ್ನುವುದೇ ಪುಣ್ಯ. ಒಳಗೇ ಉಳಿದಿದ್ದರೆ ಡಬ್ಬ ಹಿಡಿದು ಹೊಲವೆಲ್ಲ ಸುತ್ತಿದ್ದರೂ ಒಂದು ಟಿಕ್ ಬರುತ್ತಿರಲಿಲ್ಲ. ಅಂಗಡಿಗೆ ಫೋಟೋ ಸಮೇತ ಬರೆದೆ. ಗ್ಯಾರಂಟಿ ಡಬ್ಬಕ್ಕೆ ಮಾತ್ರ, ಕಾಲರ್‌ಗೆ ಇಲ್ಲ ಅಂತ ಒಂದು ಸಾಲಿನ ಉತ್ತರ ಬಂತು. ಡಬ್ಬ ನೆಲದ ಮೇಲಿರುತ್ತದೆ, ಕಾಲರ್ ನೆಲದ ಕೆಳಗೆ ಹೋಗುತ್ತದೆ. ಯಾವುದಕ್ಕೆ ಗ್ಯಾರಂಟಿ ಬೇಕು ನೀವೇ ಹೇಳಿ.

ಈಗ ಮುಚ್ಚಳದ ಸುತ್ತ ಎಲೆಕ್ಟ್ರಿಷಿಯನ್‌ಗಳ ಇನ್ಸುಲೇಷನ್ ಟೇಪು ಎರಡು ಸುತ್ತು ಬಿಗಿಯುತ್ತೇನೆ. ಇಲ್ಲಿನ ಹಳಬರೂ ಹಾಗೇ ಮಾಡುತ್ತಾರಂತೆ. ಬೆಳಿಗ್ಗೆ ಹೊರಡುವ ಮೊದಲು ಹೊಸ ಬ್ಯಾಟರಿ, ಬಿಲದ ಬಾಯಿಯಲ್ಲಿ ಬಿಡುವ ಮೊದಲು ಇನ್ನೊಮ್ಮೆ ಡಬ್ಬ ಹಿಡಿದು ಟಿಕ್ ಕೇಳುತ್ತದೆಯೇ ಅಂತ ಪರೀಕ್ಷೆ. ಕಾಲರ್ ಎಷ್ಟು ಬಿಗಿ ಇರಬೇಕು ಅಂದರೆ, ಕಿರುಬೆರಳಿನ ತುದಿ ಕಷ್ಟಪಟ್ಟು ತೂರಬೇಕು. ಸಡಿಲವಿದ್ದರೆ ಬೇರಿಗೆ ಸಿಕ್ಕಿಕೊಳ್ಳುತ್ತದೆ. ಫೆರೆಟ್ಟಿನ ತಲೆಗಿಂತ ಕುತ್ತಿಗೆ ದಪ್ಪ ಎಂಬಂತಿರುತ್ತದೆ, ಸಡಿಲ ಕಾಲರ್ ತಲೆಯಿಂದ ಜಾರಿ ಬೀಳುವುದೂ ಉಂಟು.

ಡಬ್ಬದ ಬೆಲೆ ಏನು ಅಂತ ನನಗೆ ಅರ್ಥವಾದದ್ದು ಒಂದು ಹಿಮ ಬಿದ್ದ ಬೆಳಿಗ್ಗೆ. ಏಳು ಬಾಯಿಯ ಚಿಕ್ಕ ಬಿಲ. ಎರಡು ಮೊಲ ಬೇಗ ಬೇಗ ಬಲೆಗೆ ಬಂದವು. ಆಮೇಲೆ ಬೆಳ್ಳಿ ಒಮ್ಮೆ ಹೊರಗೆ ಬಂದು, ನನ್ನ ಮುಖ ನೋಡಿ, ಮತ್ತೆ ಒಳಗೆ ಹೋದಳು. ಅಷ್ಟರಲ್ಲಿ ಅವಳ ಮುಂಗಾಲಿನ ಉಗುರಿಗೆ ಬೂದು ಬಣ್ಣದ ತುಪ್ಪಟ ಸಿಕ್ಕಿಕೊಂಡಿದ್ದು ಕಂಡಿತ್ತು. ಅದರ ಅರ್ಥ, ಒಳಗೆ ಒಂದು ಮೊಲ ದಾರಿ ಮುಚ್ಚಿದ ಮೂಲೆಗೆ ತಲೆ ಕೊಟ್ಟು, ಹಿಂಭಾಗ ಅಡ್ಡ ಇಟ್ಟು ಕೂತಿದೆ. ಫೆರೆಟ್ ಎಷ್ಟು ಕೆರೆದರೂ ಅದು ಅಲ್ಲಾಡುವುದಿಲ್ಲ, ಇವಳು ಬಿಡುವುದೂ ಇಲ್ಲ. ಪರದೆಯಲ್ಲಿ ಅಂಕಿ ಮೂರಕ್ಕೆ ನಿಂತಿತು. ಡಬ್ಬದ ಸೂಕ್ಷ್ಮತೆ ಇಳಿಸುತ್ತಾ, ಉದ್ದಕ್ಕೂ ಅಡ್ಡಕ್ಕೂ ಸವರುತ್ತಾ, ಅಂಗೈಯಗಲದ ಜಾಗಕ್ಕೆ ತಂದು ಒಂದು ಗೂಟ ಚುಚ್ಚಿದೆ. ನೇರ ಅದರ ಮೇಲೆ ಅಗೆಯಬಾರದು, ಒಂದು ಗೇಣು ಪಕ್ಕಕ್ಕೆ ಸರಿದು ಗುಂಡಿ ಇಳಿಸಬೇಕು. ಪ್ರತಿ ಅಡಿಗೂ ಮತ್ತೆ ಡಬ್ಬ ಹಿಡಿದು ನೋಡಬೇಕು. ಕೊನೆಯ ಗೇಣು ಸಲಿಕೆ ಬದಿಗಿಟ್ಟು ಕೈಯಲ್ಲೇ. ಮರಳು ಕುಸಿದು ತೂತು ಬಿಟ್ಟಾಗ ಮೊದಲು ಕಂಡದ್ದು ಬಿಳಿ ಬಾಲ. ಅವಳನ್ನು ಎತ್ತಿ ಗೂಡಿಗೆ ಹಾಕಿ, ಕೈ ಚಾಚಿ ಮೊಲದ ಹಿಂಗಾಲು ಹಿಡಿದು ಎಳೆದೆ. ಆ ಮೂಲೆಯ ಹಿಂದೆ ಇನ್ನೊಂದು ಇತ್ತು. ಹೀಗೆ ಒಂದರ ಹಿಂದೆ ಒಂದು ಸಿಕ್ಕಿಕೊಳ್ಳುವುದು ಮಾಮೂಲು, ಅದಕ್ಕೇ ಗುಂಡಿ ಮುಚ್ಚುವ ಮೊದಲು ತೋಳು ಪೂರ್ತಿ ಹಾಕಿ ತಡಕಬೇಕು. ಕತ್ತು ಮುರಿಯುವುದು ಕ್ಷಣದ ಕೆಲಸ. ತಡ ಮಾಡಬಾರದು. 1996ರ ಕಾಯ್ದೆ ಕಾಡುಪ್ರಾಣಿಯನ್ನು ಹಿಂಸಿಸುವುದನ್ನು ಅಪರಾಧ ಮಾಡಿದೆ, ಕಾಯ್ದೆ ಇಲ್ಲದಿದ್ದರೂ ಅದು ಹಾಗೇ ಇರಬೇಕಾದದ್ದು ತಾನೇ.

ಡಬ್ಬ ಇಲ್ಲದ ಕಾಲದಲ್ಲಿ ಇದಕ್ಕೆ ಒಂದು ದೊಡ್ಡ ಹಾಬ್ ಇಟ್ಟುಕೊಳ್ಳುತ್ತಿದ್ದರು. ಕುತ್ತಿಗೆಗೆ ಉದ್ದ ಹುರಿ ಕಟ್ಟಿ ಒಳಗೆ ಬಿಡುವುದು, ಹುರಿ ಹೋದ ದಾರಿ ಹಿಡಿದು ಅಗೆಯುತ್ತಾ ಹೋಗುವುದು. ಇಡೀ ದಿನ ಒಂದೇ ಗುಂಡಿಯಲ್ಲಿ ಕಳೆದುಹೋಗುತ್ತಿತ್ತು ಅಂತ ಇಲ್ಲಿನ ಹಳಬರು ಹೇಳುತ್ತಾರೆ.

ಒಬ್ಬನೇ ಇದ್ದಾಗ ಎಷ್ಟು ಆಳ ಅಗೆಯಬಹುದು? ನಮ್ಮಲ್ಲಿ ಪುಡಿ ಮರಳು, ಯಾವಾಗ ಕುಸಿಯುತ್ತದೆ ಹೇಳಲಾಗದು. ಗುಂಡಿ ನನ್ನ ಸೊಂಟ ದಾಟುವ ಹಾಗಿದ್ದರೆ, ತಲೆ ಒಳಗೆ ಹಾಕಬೇಕಾಗುವ ಹಾಗಿದ್ದರೆ, ಅಗೆಯುವುದಿಲ್ಲ. ಉಳಿದ ಬಾಯಿಗಳನ್ನು ಮುಚ್ಚಿ, ಒಂದರ ಎದುರಿಗೆ ಹುಲ್ಲು ಹಾಕಿದ ಗೂಡನ್ನು ಬಾಗಿಲು ತೆಗೆದಿಟ್ಟು, ಬೇಲಿ ಮರೆಯಲ್ಲಿ ಫ್ಲಾಸ್ಕಿನ ಕಾಫಿ ಕುಡಿಯುತ್ತೇನೆ. ಹೊಟ್ಟೆ ತುಂಬಿ ಮಲಗಿದ ಫೆರೆಟ್ ಎದ್ದ ಮೇಲೆ ತಾನಾಗೇ ಬರುತ್ತದೆ. ಹೊರಡುವ ಮೊದಲು ಮನೆಯವಳಿಗೆ ಫೋನಿನಲ್ಲಿ ಜಾಗದ ಲೊಕೇಶನ್ ಕಳಿಸಿರುತ್ತೇನೆ. ಯಾವ ಸೆಟ್ಟಿನಲ್ಲೂ ಬರದ ಸಾಮಾನು ಅದು.

ಬಲೆಯ ವಿಷಯಕ್ಕೆ ಬರೋಣ. ಪರ್ಸ್ ಬಲೆಗೆ ಎರಡು ತುದಿಯಲ್ಲಿ ಎರಡು ಉಂಗುರ, ಸುತ್ತ ಓಡುವ ಹುರಿ, ಹುರಿಯ ತುದಿಗೆ ಗೂಟ. ಮೊಲ ಬಡಿದ ಕೂಡಲೇ ಹುರಿ ಬಿಗಿಯಬೇಕು. ಸೆಟ್ಟಿನಲ್ಲಿ ಬಂದವು ತೆಳು ನೈಲಾನಿನವು, ಮೂರು ಅಡಿ ಉದ್ದ. ಬ್ರೆಕ್‌ಲ್ಯಾಂಡಿನ ಮರಳಿನಲ್ಲಿ ಬಿಲದ ಬಾಯಿ ಕುಸಿದು ಅಗಲವಾಗಿರುತ್ತದೆ. ಮೂರು ಅಡಿ ಸಾಲುವುದಿಲ್ಲ, ಪಕ್ಕದಲ್ಲಿ ಕಿಂಡಿ ಉಳಿಯುತ್ತದೆ. ಮೊಲಕ್ಕೆ ಕಿಂಡಿ ತೋರಿಸಿಕೊಡಬೇಕಿಲ್ಲ. ನಾಲ್ಕು ಅಡಿಯದು ಬೇಕು. ತೆಳು ದಾರ ತಣ್ಣಗಾದ ಕೈಗೆ ಸಿಗುವುದೇ ಇಲ್ಲ. ಕೈಗವಸು ಹಾಕಿದರೆ ಬಿಡಿಸಲಾಗದು, ತೆಗೆದರೆ ಬೆರಳು ಸೆಟೆಯುತ್ತದೆ. ಬಲೆಯಲ್ಲಿ ಒದ್ದಾಡುವ ಮೊಲವನ್ನು ಬಿಡಿಸಲು ಎರಡು ನಿಮಿಷ ಹಿಡಿದರೆ ಆ ಎರಡು ನಿಮಿಷ ಆ ಬಾಯಿ ತೆರೆದೇ ಇರುತ್ತದೆ, ಕಾಯಲು ಇನ್ನೊಬ್ಬನಿಲ್ಲ.

ಅದಕ್ಕೆ ನಾನು ಬಿಡಿಸಲು ಹೋಗುವುದೇ ಇಲ್ಲ. ಮೊಲ ಬಿದ್ದ ತಕ್ಷಣ ಬೂಟಿನ ಕಾಲಿನಿಂದ ಬಿಲದ ಬಾಯಿ ಮುಚ್ಚಿ ನಿಲ್ಲುತ್ತೇನೆ. ಬಲೆ ಸಮೇತ ಮೊಲ ಎತ್ತಿ ಮುಗಿಸಿ ಬದಿಗಿಡುತ್ತೇನೆ, ಜೇಬಿನಲ್ಲಿ ಮಡಚಿಟ್ಟ ಬೇರೆ ಬಲೆ ಹಾಸಿ ಕಾಲು ತೆಗೆಯುತ್ತೇನೆ. ಇದಕ್ಕೆ ಕೈಗೆ ಸಿಗುವ ಹಾಗೆ ಬಿಡಿ ಬಲೆ ಬೇಕು. ಹುರಿಯನ್ನು ಗೂಟಕ್ಕೆ ಸುತ್ತಿ, ಉಂಗುರ ಹಿಡಿದು ಕೊಡವಿದರೆ ಒಂದೇ ಏಟಿಗೆ ಬಿಚ್ಚಿಕೊಳ್ಳುವಂತೆ ಮಡಚಿರಬೇಕು. ಸೆಟ್ಟಿನ ಬಲೆಗಳು ಕೊಡವಿದರೆ ಬಿಚ್ಚುವುದಿಲ್ಲ, ಇನ್ನಷ್ಟು ಗಂಟು ಬೀಳುತ್ತವೆ. ಪ್ಲಾಸ್ಟಿಕ್ ಗೂಟಗಳಂತೂ ಹಿಮಗಟ್ಟಿದ ನೆಲದಲ್ಲಿ ಬಾಗಿ ನಿಂತವು. ಈಗ ನನ್ನ ಬಳಿ ಇರುವುದು ದಪ್ಪ ನೈಲಾನಿನ ನಾಲ್ಕು ಅಡಿಯ ಬಲೆ, ಹೇಝಲ್ ಕಡ್ಡಿಯಿಂದ ನಾನೇ ಕೆತ್ತಿದ ಗೂಟ. ಸೆಣಬಿನ ಹುರಿಯ ಬಲೆಯೂ ಸಿಗುತ್ತದೆ, ಹಿಡಿಯಲು ಅದೇ ಚೆನ್ನ. ಆದರೆ ಮನೆಗೆ ಬಂದು ಒಣಗಿಸದಿದ್ದರೆ ಕೊಳೆಯುತ್ತದೆ. ನೈಟ್ ಡ್ಯೂಟಿಗೆ ಓಡುವವನಿಗೆ ಒಣಗಿಸುವ ಪುರುಸೊತ್ತಿಲ್ಲ.

ಬೇಲಿಯ ಆಚೆ ಬದಿಗೆ ಏನು ಮಾಡುವುದು ಅನ್ನುವ ಪ್ರಶ್ನೆಗೆ ಈ ಸೆಟ್ಟಿನಲ್ಲಿ ಉತ್ತರವೇ ಇಲ್ಲ. ಉತ್ತರ ಇರುವುದು ಲಾಂಗ್ ನೆಟ್‌ನಲ್ಲಿ. 25 ಗಜದ್ದೊಂದು ತುಂಡು ಬಲೆ, ಕೋಲುಗಳಿಗೆ ಜೋಲು ಬಿಟ್ಟು ಆಚೆ ಬದಿಗೆ ಉದ್ದಕ್ಕೂ ನಿಲ್ಲಿಸಿದರೆ, ನೋಡದೆ ಬಿಟ್ಟ ಬಾಯಿಯಿಂದ ಹಾರಿದ ಮೊಲವೂ ಅದರಲ್ಲಿ ಸುತ್ತಿಕೊಳ್ಳುತ್ತದೆ. ‘ಒಬ್ಬರಿಗೆ ಬೇಕಾದದ್ದೆಲ್ಲ’ ಅಂತ ಬರೆದವರು ಒಬ್ಬರೇ ಹೊಲಕ್ಕೆ ಹೋಗಿ ನೋಡಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಗೂಡು ಪರವಾಗಿಲ್ಲ. ಒಳಗೆ ಎರಡು ಭಾಗ, ಗಾಳಿಗೆ ತೂತು, ಅಗಲ ಪಟ್ಟಿ, ಭುಜ ನೋಯುವುದಿಲ್ಲ. ಆದರೆ ಬಾಗಿಲಿನ ಚಿಲಕ ತೆಗೆಯಲು ಎರಡು ಕೈ ಬೇಕು. ಒಂದು ಕೈಯಲ್ಲಿ ಫೆರೆಟ್ ಮುಲುಗುಡುತ್ತಿರುವಾಗ ಇನ್ನೊಂದು ಕೈಗೆ ಎರಡು ಕೈಯ ಕೆಲಸ ಕೊಟ್ಟರೆ ಹೇಗೆ? ಚಿಲಕ ಕಿತ್ತು, ಹಾರ್ಡ್‌ವೇರ್ ಅಂಗಡಿಯಿಂದ ತಿರುಗಿಸುವ ಮರದ ತುಂಡು ತಂದು ಹಾಕಿದೆ. ಈಗ ಹೆಬ್ಬೆರಳು ಸಾಕು.

ಸಲಿಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಮರಳಿನಲ್ಲಿ ಚಕಮಕಿ ಕಲ್ಲು ತುಂಬಾ. ಇಲ್ಲೇ ಹತ್ತಿರದ ಗ್ರೈಮ್ಸ್ ಗ್ರೇವ್ಸ್‌ನಲ್ಲಿ ಹೊಸ ಶಿಲಾಯುಗದ ಜನ ಅದೇ ಕಲ್ಲಿಗಾಗಿ ಜಿಂಕೆ ಕೊಂಬು ಹಿಡಿದು ನೆಲ ಅಗೆದಿದ್ದರು. ಈ ಮಡಚುವ ಸಲಿಕೆಗಿಂತ ಆ ಕೊಂಬು ಗಟ್ಟಿಯಿತ್ತು ಅಂತ ನನ್ನ ನಂಬಿಕೆ. ತಿರುಪು ಸಡಿಲವಾಗಿ ಕತ್ತು ಅಲ್ಲಾಡತೊಡಗಿತು. ಉದ್ದ ಹಿಡಿಯ, ಕಿರಿದಾದ ಅಲಗಿನ ಹಳೇ ಸಲಿಕೆಯೊಂದನ್ನು ಹರಾಜಿನಲ್ಲಿ ತೆಗೆದುಕೊಂಡೆ, ಅಷ್ಟೇ.

ಸೆಟ್ಟಿಗೆ ಸೇರದ ಒಂದೆರಡು ಮಾತು, ಕೊಳ್ಳುವ ಮೊದಲು ಗೊತ್ತಿರಲಿ ಅಂತ. ಸಾಮಾನು ಒಮ್ಮೆ ಕೊಂಡರೆ ಮುಗಿಯಿತು, ಫೆರೆಟ್ ಮುಗಿಯುವುದಿಲ್ಲ. ನಾಯಿಗೆ ಬರುವ ಡಿಸ್ಟೆಂಪರ್ ಇವಕ್ಕೂ ಬರುತ್ತದೆ, ಲಸಿಕೆ ಬೇಕು. ಜಿಲ್ ಬೆದೆಗೆ ಬಂದು ಗಂಡಿನ ಸಂಗವಿಲ್ಲದೆ ಹಾಗೇ ಉಳಿದರೆ ರಕ್ತಹೀನತೆಯಾಗಿ ಸಾಯಬಹುದು. ವಸಂತದಲ್ಲಿ ವೆಟ್ ಹತ್ತಿರ ಒಂದು ಇಂಜೆಕ್ಷನ್ ಹಾಕಿಸಬೇಕು, ಅದಕ್ಕೂ ದುಡ್ಡು ಎತ್ತಿಡಿ. ಇನ್ನೊಂದು, ಮನುಷ್ಯರ ಫ್ಲೂ ಇವಕ್ಕೆ ನೇರವಾಗಿ ಅಂಟುತ್ತದೆ. ಫ್ಲೂ ಸಂಶೋಧನೆಯಲ್ಲಿ ಫೆರೆಟ್ ಬಳಸುವುದೇ ಅದಕ್ಕೆ. ವಾರ್ಡಿನಲ್ಲಿ ಫ್ಲೂ ಜೋರಿರುವಾಗ ನಾನು ಮಾಸ್ಕ್ ಹಾಕಿಕೊಂಡೇ ಅವಕ್ಕೆ ಊಟ ಹಾಕುತ್ತೇನೆ. ಮನೆಯವಳಿಗೆ ಇದು ದೊಡ್ಡ ತಮಾಷೆ. ‘ಮಕ್ಕಳಿಗೆ ಊಟ ಬಡಿಸುವಾಗ ಇಲ್ಲದ ಮಾಸ್ಕು ಇವಕ್ಕೆ ಯಾಕ್ರೀ?’ ಅಂತಾಳೆ.

ಎಲ್ಲ ಕಡೆ ಮೊಲ ಹಿಡಿಯಲೇಬೇಕು ಅಂತಲೂ ಇಲ್ಲ. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬ್ರಿಟನ್ನಿಗೆ ಬಂದು ಹೆಚ್ಚುಕಡಿಮೆ ಸಂತಾನವನ್ನೇ ಅಳಿಸಿತ್ತು. ಈಗ ರಕ್ತಸ್ರಾವದ ಇನ್ನೊಂದು ರೋಗ ಅವುಗಳನ್ನು ಮತ್ತೆ ಕಡಿಮೆ ಮಾಡಿದೆ. ನಮ್ಮಲ್ಲಿ ರಸ್ತೆಯ ಒಂದು ಬದಿಯ ರೈತ ಎಳೆ ಗೋಧಿ ಅಂಚಿನಿಂದ ಅಂಚಿಗೆ ಬೋಳಾಯಿತು ಅಂತ ನನ್ನನ್ನು ಕರೆಯುತ್ತಾನೆ. ಇನ್ನೊಂದು ಬದಿಯ ಬಯಲಿನಲ್ಲಿ ಪರಿಸರದವರು ಮೊಲ ಹೆಚ್ಚಲಿ ಅಂತ ಕೊಂಬೆ ರಾಶಿ ಹಾಕಿ ಕೊಡುತ್ತಾರೆ. ಅವು ಹುಲ್ಲನ್ನು ಗಿಡ್ಡ ಮೇಯ್ದರೆ ಮಾತ್ರ ಅಲ್ಲಿನ ಅಪರೂಪದ ಗಿಡ ಉಳಿಯುತ್ತವಂತೆ. ಎರಡೂ ಸರಿಯೇ. ನಾನು ರಸ್ತೆ ದಾಟುವುದಿಲ್ಲ, ಅಷ್ಟೇ.

ಹೋಗುವುದು ನವೆಂಬರಿನಿಂದ ಫೆಬ್ರವರಿ ಮಧ್ಯದವರೆಗೆ. ಹಿಮ ಬಿದ್ದು ತುರಿಕೆಗಿಡ, ಪೊದೆ ಎಲ್ಲ ಸತ್ತ ಮೇಲೆ ಬಿಲದ ಬಾಯಿ ಕಾಣುತ್ತದೆ. ಮರಿಗಳ ಕಾಲ ಶುರುವಾದರೆ ನಿಲ್ಲಿಸಬೇಕು. ಬಿಲದೊಳಗೆ ಮರಿ ಇದ್ದರೆ ಫೆರೆಟ್ ಅಲ್ಲೇ ಕೂತುಬಿಡುತ್ತದೆ, ಒಬ್ಬನೇ ಇರುವವನ ದಿನ ಅಲ್ಲಿಗೆ ಮುಗಿಯಿತು. ಬಿಲ ಆರಿಸುವಾಗಲೂ ಆಸೆ ಪಡಬೇಡಿ. ಹತ್ತು ಬಾಯಿಗಿಂತ ದೊಡ್ಡದಾದರೆ ಸಲಾಂ ಹೊಡೆದು ಮುಂದಿನ ಬಿಲಕ್ಕೆ ಹೋಗುವುದು. ದೊಡ್ಡದು ಇಬ್ಬರಿದ್ದ ದಿನಕ್ಕಿರಲಿ.

ಅಡುಗೆ ವಿಷಯ ಕೇಳುತ್ತೀರಿ ಅಂತ ಗೊತ್ತು. ಕಾಡುಮೊಲದಲ್ಲಿ ಕೊಬ್ಬೇ ಇಲ್ಲ, ಆತುರಕ್ಕೆ ಬೇಯಿಸಿದರೆ ನಾರು ನಾರು. ನಾನು ಸೋಮವಾರಪೇಟೆ ಕಡೆಯವನು. ಅಮ್ಮ ಕಳಿಸಿದ ಕಾಚಂಪುಳಿ ಮನೆಯಲ್ಲಿ ಸದಾ ಇರುತ್ತದೆ. ಹುರಿದ ಮೆಣಸು, ಜೀರಿಗೆ, ಕೊತ್ತಂಬರಿ ಪುಡಿ ಹಾಕಿ, ಸಣ್ಣ ಉರಿಯಲ್ಲಿ ನೀರು ಬತ್ತುವವರೆಗೆ ಬಿಟ್ಟು, ಕೊನೆಗೆ ಒಂದು ಚಮಚ ಕಾಚಂಪುಳಿ. ಸ್ವಲ್ಪ ಹಂದಿ ಕೊಬ್ಬು ಸೇರಿಸಿದರೆ ಇನ್ನೂ ಚೆನ್ನ. ಜೊತೆಗೆ ಕಡುಂಬುಟ್ಟು. ರೈತನಿಗೂ ಒಂದು ಡಬ್ಬಿ ಕೊಟ್ಟಿದ್ದೆ. ಖಾರಕ್ಕೆ ಮೂಗು ಒರೆಸಿಕೊಂಡೇ ತಿಂದನಂತೆ, ಮುಂದಿನ ವಾರ ಇನ್ನೊಂದು ಹೊಲಕ್ಕೂ ಒಪ್ಪಿಗೆ ಚೀಟಿ ಸಿಕ್ಕಿತು.

ಅಂದರೆ ಸೆಟ್ ಕೊಳ್ಳಬೇಕೇ? ಸೆಟ್ಟಾಗಿ ಬೇಡ. ಫೈಂಡರ್ ಒಂದನ್ನೇ ತೆಗೆದುಕೊಳ್ಳಿ, 100 ಪೌಂಡ್ ದಾಟುತ್ತದೆ, ದಾಟಲಿ. ಉಳಿದ ದುಡ್ಡಿಗೆ ಒಳ್ಳೆಯ ನಾಲ್ಕಡಿ ಬಲೆ ಒಂದು ಡಜನ್, ಒಂದು ತುಂಡು ಲಾಂಗ್ ನೆಟ್. ಹತ್ತು ಬಾಯಿಯ ಬಿಲಕ್ಕೆ ಒಂದು ಡಜನ್ ಅಂದರೆ ಎರಡು ಬಿಡಿ ಬಲೆ ಜೇಬಿಗೆ ಉಳಿಯುತ್ತದೆ.

ಫೈಂಡರ್ ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತದೆ, ಬೇಟೆಗಾರರ ಜಾತ್ರೆಯಂಥ ಗೇಮ್ ಫೇರ್‌ಗಳಲ್ಲಿ ಜಾಸ್ತಿ. ಆಗ ಮಾತ್ರ ಡಬ್ಬ ನೋಡಿ ಮರುಳಾಗಬೇಡಿ, ಕಾಲರ್ ಕೈಗೆ ತೆಗೆದುಕೊಂಡು ಮುಚ್ಚಳ ತಿರುಗಿಸಿ ನೋಡಿ. ತಿರುಪು ಗಟ್ಟಿಯಾಗಿ ಕೂರಬೇಕು, ಒಳಗೆ ಹಸಿರು ತುಕ್ಕು ಇರಬಾರದು. ಬ್ಯಾಟರಿ ಜೇಬಿನಲ್ಲಿಟ್ಟುಕೊಂಡೇ ಹೋಗಿ. ಹಾಕಿ, ಕಾಲರನ್ನು ಮಾರುವವನ ಕಾರಿನ ಆಚೆ ಬದಿಗೆ ಹುಲ್ಲಿನಲ್ಲಿ ಬಿಸಾಡಿ, ಡಬ್ಬ ಹಿಡಿದು ಹುಡುಕಿ. ಸಿಕ್ಕಿದರೆ ಚೌಕಾಸಿ ಶುರು ಮಾಡಿ. ಹಳೇ ಮಾದರಿಯ ಕಾಲರಿಗೂ ಹೊಸ ಡಬ್ಬಕ್ಕೂ ಹೊಂದುವುದಿಲ್ಲ, ಎರಡೂ ಒಂದೇ ಮಾದರಿಯವು ಅಂತ ಖಾತ್ರಿ ಮಾಡಿಕೊಳ್ಳಿ.